ಮೈಕಿನ ಕುಂಞ ಮತ್ತು ಹೊಯ್ಗೆಯ ದಿಬ್ಬ

ಮರಿಯುಮ್ಮ ಕುಂಞನನ್ನು ನೋಡುವ ಮೊದಲು ಅವನ ಸ್ವರ ಕೇಳಿದ್ದು. ಎರಡು ಸಾವಿರದ ಮೂರನೇ ಇಸವಿ. ಗಂಡ ತೀರಿಕೊಂಡು ಅವಳು ಇದ್ದತ್ತಿಗೆ, ವಿಧವೆ ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನಕ್ಕೆ, ಒಳಕೋಣೆಯಲ್ಲಿ ಕೂತಿದ್ದಳು. ಹೊರಗಿನ ಗಂಡಸರ ಮುಖ ನೋಡುವ ಹಾಗಿಲ್ಲ. ಆದರೆ ಜೀಪಿಗೆ ಕಟ್ಟಿದ ಮೈಕಿಗೆ ಅದೆಲ್ಲ ಎಲ್ಲಿ ಗೊತ್ತು? "ಉಪ್ಪಳದ ಮಹಾಜನರೇ, ಪೆರ್ನಾಲ್ ಹಬ್ಬಕ್ಕೆ ಎರಡು ಸೀರೆ ತೆಗೆದರೆ ಒಂದು ಫ್ರೀ!" ಎಂಬ ಬೊಬ್ಬೆ ಕನ್ನಡ, ಮಲಯಾಳ, ತುಳು ಮೂರರಲ್ಲೂ ಕಿಟಕಿ ಹೊಕ್ಕಿತು.

"ಯಾರವ? ಸಾವಿನ ಮನೆ ಅಂತ ಗೊತ್ತಿಲ್ಲವಾ ಅವನಿಗೆ?"

"ಎದುರು ಮನೆಗೆ ಹೊಸತಾಗಿ ಬಂದವ, ಉಮ್ಮಾ. ಮೈಕಿನ ಕುಂಞ," ಎಂದಳು ಮಗಳು ರಿಝ್ವಾನಾ.

ಸಂಜೆ ಅವನ ಹೆಂಡತಿ ಅಮ್ಮಣಿ ಬಂದು ಕ್ಷಮೆ ಕೇಳಿಹೋದಳು. ಆಮೇಲೆ ಎರಡು ಮನೆಗೂ ಒಂದೇ ಬಾವಿಯಾಯಿತು.

ಕುಂಞನ ಮನೆಯ ಮುಂದೆ ಹೊಯ್ಗೆಯ ದಿಬ್ಬ, ಮರಳಿನದೇ ಒಂದು ಗುಡ್ಡೆ, ದಿಬ್ಬದಾಚೆ ಕಡಲು. ಊರಲ್ಲಿ ದುಬೈ ದುಡ್ಡಿನ ಮನೆಗಳು ಎದ್ದ ಹಾಗೆ ದಿಬ್ಬ ಇಳಿಯಿತು. ಅಂಗಳ ತುಂಬಿಸಬೇಕಾದವರೆಲ್ಲ ಪಿಕಪ್ ತಂದು ಅಲ್ಲಿಂದಲೇ ತೋಡುತ್ತಿದ್ದರು. ಕುಂಞನೂ ಮೊದಮೊದಲು ತಲೆ ಕೆಡಿಸಿಕೊಂಡವನಲ್ಲ. ಒಮ್ಮೆ ಕಡಲ್ಕೊರೆತದ ಯಾವುದೋ ಸಭೆಗೆ ಅನೌನ್ಸ್ ಮಾಡಿ, ಚಹಾಕ್ಕೆಂದು ಹಿಂದಿನ ಕುರ್ಚಿಯಲ್ಲಿ ಕೂತವನು ಭಾಷಣ ಕೇಳಿ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದ.

"ಭೂಮಿ ಬಿಸಿಯಾಗಿ ಕಡಲು ಏರ್ತಾ ಉಂಟಂತೆ, ಮರಿಯುಮ್ಮಾ. ನಾವು ಇದ್ದ ಒಂದೇ ತಡೆ, ಈ ದಿಬ್ಬವನ್ನೂ ನಮ್ಮ ಕೈಯಾರೆ ಹೊತ್ತು ಹಾಕ್ತಾ ಇದ್ದೇವೆ."

ಅಂದಿನಿಂದ ಯಾವ ಅನೌನ್ಸಿನ ಬಾಲಕ್ಕೂ ಅವನದೊಂದು ಮಾತು: "ದಿಬ್ಬದ ಹೊಯ್ಗೆ ತೆಗೀಬೇಡಿ!" ಸೀರೆ ಮಾರಿದ ಸ್ವರವೇ ಕಡಲಿನ ಸುದ್ದಿಯನ್ನೂ ಹೇಳಿದರೆ ಯಾರು ನಂಬುತ್ತಾರೆ? ಬಟ್ಟೆ ಅಂಗಡಿಯ ಮಹಮೂದನಂತೂ ಜೀಪು ಕಂಡರೆ ಸಾಕು, "ಕಡಲಿಗೆ ಎಷ್ಟು ಪರ್ಸೆಂಟ್ ಡಿಸ್ಕೌಂಟ್ ಮಾರಾಯ?" ಎಂದು ಕೂಗುತ್ತಿದ್ದ.

ಎರಡು ಸಾವಿರದ ಹದಿನೆಂಟರ ನೆರೆಯಲ್ಲಿ ಕೇರಳದ ತೆಂಕಣ ಜಿಲ್ಲೆಗಳು ಮುಳುಗಿದಾಗ ಇದೇ ಕುಂಞ ಮೈಕಲ್ಲಿ ಕರೆದ. ಮಧ್ಯಾಹ್ನದೊಳಗೆ ಲಾರಿ ತುಂಬ ಅಕ್ಕಿ, ಚಾಪೆ, ಹೊದಿಕೆ. ಮಹಮೂದ್ ಕಟ್ಟುಗಟ್ಟಲೆ ಲುಂಗಿ ಕೊಟ್ಟ, ಕಣ್ಣೀರು ಹಾಕಿಯೇ ಕೊಟ್ಟ. ಮರಿಯುಮ್ಮನ ಮಗ ಇರ್ಷಾದ್ ದುಬೈಯಿಂದ ಫೋನ್ ಮಾಡಿದ.

"ಉಮ್ಮಾ, ಟಿವಿಯಲ್ಲಿ ನೋಡಿದೆ. ನಿಮಗೆ ಎಂತ ಆಗಲಿಲ್ಲವಲ್ಲ?"

"ದಿಬ್ಬದ ಬದಿಯ ನಮ್ಮ ಎರಡು ತೆಂಗು ಕಡಲಿಗೆ ಹೋಯ್ತು. ಅದು ಟಿವಿಯಲ್ಲಿ ಬರುವುದಿಲ್ಲ ಮಗಾ."

ಮುಂದಿನ ಮಳೆಗಾಲ ಕುಂಞನ ಅಡುಗೆಮನೆಯೂ ಕಡಲಿಗೆ ಹೋಯಿತು. ಆಗ ಬಂತು ನೋಡಿ ಜನ! ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಗೋಡೆ ಬೀಳುವ ವೀಡಿಯೋ ಇರ್ಷಾದನಿಗೂ ತಲುಪಿತು. ಅಮ್ಮಣಿಯ ಪಾತ್ರೆಗಳನ್ನು ಹೊರಗೆ ತರಲು ಮಾತ್ರ ಮರಿಯುಮ್ಮನೇ ಹೋಗಬೇಕಾಯಿತು. ಮಳೆ ಬಿಟ್ಟದ್ದೇ ತಡ, ಉಳಿದ ದಿಬ್ಬಕ್ಕೆ ಮತ್ತೆ ಪಿಕಪ್ ಬಂತು, ಮಹಮೂದನದ್ದೇ.

ಕುಂಞ ಅಡ್ಡ ನಿಂತ. "ನಿನ್ನ ಮನೆ ತೆಗೊಂಡದ್ದು ಕಡಲು, ನಾನಲ್ಲ," ಎಂದ ಮಹಮೂದ್.

ಸೀತಾಂಗೋಳಿಯ ತವರಿಗೆ ಹೊರಡಲು ಅಮ್ಮಣಿ ಜೀಪಿಗೆ ಸಾಮಾನು ಹೇರಿಸಿದ್ದಳು. ಕುಂಞ ಮರಿಯುಮ್ಮನ ಜಗಲಿಗೆ ಬಂದ. ಸ್ವರ ಒಡೆದಿತ್ತು.

"ಇನ್ನು ಕಡಲಿಗೆ ಎದುರು ಇರುವುದು ನಿಮ್ಮ ಮನೆ. ನಾನು ಹೇಳಿದರೆ ನಗ್ತಾರೆ. ಆ ಮಹಮೂದನನ್ನು ಎತ್ತಿ ಆಡಿಸಿದವರು ನೀವು. ನಿಮ್ಮ ಎದುರು ಅವನಿಗೆ ನಗಲಿಕ್ಕೆ ಬರುವುದಿಲ್ಲ. ಸಾಮಾನು ನಾಳೆ ಹೋದರೂ ಆದೀತು. ಪೇಟೆಗೆ ಒಂದೇ ಒಂದು ಸುತ್ತು, ಮರಿಯುಮ್ಮಾ. ಜೀಪು ನಾನು ಬಿಡ್ತೇನೆ. ಮೈಕಲ್ಲಿ ನೀವು ಮಾತಾಡ್ತೀರಾ?"