ವಿಭೂತಿಗೆ ಬಿದ್ದ ನೀಲಿ

ಆಗ ನನಗೆ ಐವತ್ತೆಂಟು. ಈಗ ಅರವತ್ತು. ಎರಡು ವರ್ಷದ ಹಿಂದಿನ ಮಾತು.

ನನ್ನ ಕಣ್ಣು ಹೋಗುತ್ತಿದೆ ಅಂತ ಮೊದಲು ಹೇಳಿದ್ದು ಡಾಕ್ಟರಲ್ಲ. ದಿನಸಿ ಅಂಗಡಿ ರುದ್ರಪ್ಪ.

ಜಯನಗರದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ನಮ್ಮೆಜಮಾನರು ಫೋಟೋ ತೆಗೆಯುತ್ತಾರೆ. ಹಿಂದಿನ ಕೋಣೆಯ ಕಿಟಕಿ ಹತ್ತಿರ ಕೂತು ನಾನು ಅದಕ್ಕೆ ಬಣ್ಣ ಹಚ್ಚುತ್ತೇನೆ. ಕಪ್ಪುಬಿಳುಪು ಫೋಟೋ ಮೇಲೆ ನೀರಿನ ಬಣ್ಣ. ಕೆನ್ನೆಗೆ, ಸೀರೆಗೆ ಕಡ್ಡಿಗೆ ಸುತ್ತಿದ ಹತ್ತಿ. ಓಲೆಗೆ, ಮೂಗುಬೊಟ್ಟಿಗೆ ಸಣ್ಣ ಕುಂಚ. ಹಿಂದೆ ಬರೀ ಗೋಡೆ ಇದ್ದರೆ ಅಲ್ಲೊಂದು ಕೆರೆ, ತೆಂಗಿನಮರ, ಆಕಾಶ ಬರೆಯುವುದೂ ನಾನೇ. ಸತ್ತವರ ಫೋಟೋಗಳೇ ಹೆಚ್ಚು ಬರುತ್ತವೆ. ಸೀರೆ ಯಾವ ಬಣ್ಣದ್ದು ಅಂತ ಮನೆಯವರು ಬಾಯಲ್ಲಿ ಹೇಳಬೇಕು. ಒಬ್ಬರು ಹಸಿರು ಅನ್ನುತ್ತಾರೆ, ಇನ್ನೊಬ್ಬರು ಕೆಂಪು ಅನ್ನುತ್ತಾರೆ, ಅಲ್ಲೇ ಜಗಳ. 'ಸ್ವಲ್ಪ ಬೆಳ್ಳಗೆ ಮಾಡಿ' ಅನ್ನುವುದನ್ನು ಮಾತ್ರ ಎಲ್ಲರೂ ಸೇರಿ ಹೇಳುತ್ತಾರೆ.

ರುದ್ರಪ್ಪ ತನ್ನ ತಾಯಿಯ ಫೋಟೋ ವಾಪಸ್ ತಂದು ಮೇಜಿನ ಮೇಲಿಟ್ಟ.

"ಏನಮ್ಮ ಇದು? ನಮ್ಮವ್ವ ಸಾಯೋತನಕ ಶಿವನ ಪೂಜೆ ಮಾಡ್ದೋಳು. ನೀವು ನೋಡಿದ್ರೆ ಕೃಷ್ಣನ್ನ ಮಾಡಿಟ್ಟಿದೀರಲ್ಲ!"

ನೋಡಿದೆ. ನನಗೇನೂ ತಪ್ಪು ಕಾಣಲಿಲ್ಲ.

"ಗೋಧಿ ಬಣ್ಣಾನೇ ಇದೆಯಲ್ಲಪ್ಪ."

"ನೀಲಿ ಇದೆ. ಹಣೆ ಮೇಲಿನ ಈಬತ್ತೀನೂ ನೀಲಿ. ವರ್ಷದ ಪೂಜೆಗೆ ಇದಕ್ಕೆ ಹೂ ಹಾಕಿದ್ರೆ ನೆಂಟರು ಏನಂದಾರು?"

ನಮ್ಮೆಜಮಾನರ ಮುಖ ನೋಡಿದೆ. ಎಲ್ಲದಕ್ಕೂ ಕೊಂಕು ತೆಗೆಯುವ ಮನುಷ್ಯ. ಅವತ್ತು ಕೊಂಕಿಲ್ಲ. "ಇನ್ನೊಂದು ಪ್ರಿಂಟ್ ಹಾಕ್ತೀನಿ ರುದ್ರಪ್ಪ. ಪೂಜೆಗೆ ಇನ್ನೂ ಟೈಮಿದೆ. ಇವಳೇ ಸರಿ ಮಾಡ್ಕೊಡ್ತಾಳೆ" ಅಂದರು.

ಆ ಮುಖಕ್ಕೆ ನಾನು ಬಣ್ಣ ಹಚ್ಚಿದ ದಿನ ಅವರು ಸುಬ್ರಹ್ಮಣ್ಯಪುರಕ್ಕೆ ಮದುವೆ ಫೋಟೋ ತೆಗೆಯಲು ಹೋಗಿದ್ದರು. ಅದಕ್ಕೂ ಮುಂಚೆ ಬಹಳ ದಿನದಿಂದ ನನಗೆ ಬರೀ ಕೆರೆ, ಆಕಾಶದ ಕೆಲಸ ಕೊಡುತ್ತಿದ್ದರು. ಮುಖ ನಾನು ಮಾಡ್ಕೋತೀನಿ, ನಿನಗೆ ಬೆನ್ನು ನೋವು ಅನ್ನುತ್ತಿದ್ದರು. ಒಳ್ಳೇದೇ ಆಯಿತು ಅಂತ ನಾನೂ ಸುಮ್ಮನಿದ್ದೆ.

ರುದ್ರಪ್ಪ ಅಂದಿದ್ದು ಮನಸ್ಸಲ್ಲೇ ಉಳಿದು ಕಣ್ಣಾಸ್ಪತ್ರೆಗೆ ಹೋದೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು.

"ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣದು ಜಾಸ್ತಿ ಬಲಿತಿದೆ. ಆಪರೇಷನ್ ಮಾಡ್ಬೇಕು."

"ಮಾಡಿದ್ರೆ ಬಣ್ಣ ತಿಳಿಯುತ್ತಾ?"

"ಮೊದ್ಲು ದಾರಿ ಕಾಣ್ಲಿ ಅಮ್ಮ."

"ದಾರಿ ಈಗ್ಲೂ ಕಾಣುತ್ತೆ. ಬಣ್ಣ ಕೇಳಿದ್ದು ನಾನು."

ಅವರು ನಕ್ಕು ಏನೋ ಬರೆದುಕೊಂಡರು.

ನನಗೆ ಹೆದರಿಕೆ ಶುರುವಾಗಿದ್ದು ಅಲ್ಲಿ. ಮುದ್ದೆ ಕಟ್ಟಲು ಕಣ್ಣು ಬೇಡ, ಕೈ ಸಾಕು. ಸತ್ತವಳ ಕೆನ್ನೆಗೆ ಜೀವ ತರಲು ಕಣ್ಣೇ ಬೇಕು. ಅದೊಂದು ಕೆಲಸ ಬಿಟ್ಟರೆ ನನ್ನದು ಅಂತ ಹೇಳಿಕೊಳ್ಳಲು ನನಗೆ ಬೇರೇನಿಲ್ಲ.

ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿ, ಎರಡೂ ಕಣ್ಣಿಗೆ ಬ್ಯಾಂಡೇಜ್ ಕಟ್ಟಿದರು. ತಲೆ ಅಲ್ಲಾಡಬಾರದು ಅಂತ ಎರಡೂ ಕಡೆ ಮರಳಿನ ಚೀಲ ಇಟ್ಟರು. ಕೆಮ್ಮಬಾರದು. ಸೀನಬಾರದು. ಹೊತ್ತು ಹುಟ್ಟಿತೋ ಮುಳುಗಿತೋ ತಿಳಿಯದು. ಡ್ರಾಪ್ಸ್ ಹಾಕುವ ಸಿಸ್ಟರ್ ಕೈ ತಣ್ಣಗಿದ್ದರೆ ಬೆಳಗ್ಗೆ ಅಂತ ನಾನೇ ಲೆಕ್ಕ ಇಟ್ಟುಕೊಂಡೆ.

ನಿದ್ದೆಯೋ ಎಚ್ಚರವೋ ಗೊತ್ತಿಲ್ಲ, ಆ ಕತ್ತಲೆಯಲ್ಲಿ ನಾನು ಹುಟ್ಟಿದ ಪುಟ್ಟೇನಹಳ್ಳಿ ಕೆರೆ ಕಂಡಿತು. ಬಣ್ಣ ಹಚ್ಚದ ಫೋಟೋ ಹಾಗೆ, ಎಲ್ಲ ಬೂದಿ ಬೂದಿ. ಏರಿ ಮೇಲೆ ಊರಿನ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು, ಅವರಲ್ಲಿ ಬದುಕಿದ್ದವರೂ ಇದ್ದರು, ಹೋದವರೂ ಇದ್ದರು. ನನ್ನ ಕೈಯಲ್ಲಿ ಹತ್ತಿ ಕಡ್ಡಿ. ಒಬ್ಬೊಬ್ಬಳೇ ಮುಂದೆ ಬಂದು ತನ್ನ ಸೀರೆ ಬಣ್ಣ ಹೇಳುತ್ತಿದ್ದಳು, ನಾನು ಕೆರೆ ನೀರಲ್ಲಿ ಕಡ್ಡಿ ಅದ್ದಿದರೆ ಅದೇ ಬಣ್ಣ ಬರುತ್ತಿತ್ತು, ಹಚ್ಚಿಸಿಕೊಂಡವಳು ನಗುತ್ತಾ ನೀರಿನ ಮೇಲೆ ನಡೆದುಕೊಂಡು ಹೋಗುತ್ತಿದ್ದಳು. ಕೊನೆಗೆ ನಮ್ಮವ್ವ ಬಂದಳು. ಅವಳದು ಒಂದು ಫೋಟೋನೂ ಇಲ್ಲ. ಯಾವ ಬಣ್ಣ ಹೇಳವ್ವ ಅಂದೆ. "ಹೆತ್ತೋಳ ಬಣ್ಣ ಕೇಳ್ತೀಯೇನೇ?" ಅಂತ ಬೈದಳು. ಬೂದಿ ಬಣ್ಣದಲ್ಲೇ ನಿಂತಿದ್ದಳು. ಕಡ್ಡಿ ಹಿಡಿದು ನಾನೂ ನಿಂತಿದ್ದೆ.

ಅಳಬಾರದು ಅಂತ ಡಾಕ್ಟರು ಹೇಳಿದ್ದರು. ಅಳಲಿಲ್ಲ.

ಬ್ಯಾಂಡೇಜ್ ಬಿಚ್ಚಿದಾಗ ಎಲ್ಲ ಮಬ್ಬು. ಆದರೆ ಆ ಮಬ್ಬೂ ನೀಲಿಯಾಗಿತ್ತು. ಗೋಡೆ, ಹಾಸಿಗೆ, ಸಿಸ್ಟರ್ ತಲೆ ಮೇಲಿನ ಬಟ್ಟೆ, ಎಲ್ಲದರಲ್ಲೂ ಬೆಳಗಿನ ಜಾವದ ಬೆಳಕು.

ಕಣ್ಣು ಕೆಟ್ಟಿತು ಅಂದೆ.

"ಕೆಟ್ಟಿಲ್ಲ ಅಮ್ಮ," ಅಂದರು ಡಾಕ್ಟರು. "ಪೊರೆ ಅಂದ್ರೆ ಹಳದಿ ಗಾಜಿನ ಥರ. ಇಷ್ಟು ವರ್ಷ ಅದರೊಳಗಿಂದ ನೋಡ್ತಿದ್ರಿ. ಈಗ ಗಾಜು ಹೋಯ್ತು. ನೀಲಿ ಎದ್ದು ಕಾಣುತ್ತೆ, ಆಮೇಲೆ ಒಗ್ಗಿಹೋಗುತ್ತೆ."

ಎಡಗಣ್ಣಿನ ಪೊರೆ ಹಾಗೇ ಇತ್ತು. ಬಲಗಣ್ಣು ಮುಚ್ಚಿದರೆ ಲೋಕವೆಲ್ಲ ಸಂಜೆ. ಎಡಗಣ್ಣು ಮುಚ್ಚಿದರೆ ಬೆಳಗ್ಗೆ. ಮಲಗಿದಲ್ಲೇ ಎಷ್ಟೋ ಹೊತ್ತು ಒಂದೊಂದೇ ಕಣ್ಣು ಮುಚ್ಚಿ ತೆಗೆದು ಆಡಿದೆ. ಆಗ ತಿಳಿಯಿತು. ರುದ್ರಪ್ಪನ ತಾಯಿಯ ವಿಭೂತಿ ನನಗೆ ಹಳದಿಯಾಗಿ ಕಂಡಿತ್ತು. ಬೆಳ್ಳಗಾಗಲಿ ಅಂತ ಒಗೆದ ಬಟ್ಟೆಗೆ ನೀಲಿ ಹಾಕುವ ಹಾಗೆ ಅದಕ್ಕೂ ನೀಲಿ ಹಾಕಿದ್ದೆ. ಆಮೇಲೆ ಕೆನ್ನೆಗೂ ಹಾಕಿದ್ದೆ.

ಗಾಯ ಮಾಗಿದ ಮೇಲೆ ದಪ್ಪ ಕನ್ನಡಕ ಕೊಟ್ಟರು. ಹಾಕಿಕೊಂಡು ಮನೆಗೆ ಬಂದೆ.

"ಬಂದ್ಲಪ್ಪ ಸೋಡಾಬುಡ್ಡಿ ಸಾಹುಕಾರ್ತಿ," ಅಂದರು ನಮ್ಮೆಜಮಾನರು. ಕೊಂಕು ವಾಪಸ್ ಬಂದಿತ್ತು.

ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ತಂತಿ ಮೇಲೆ ಅವರ ಪಂಚೆಗಳು ಒಣಗುತ್ತಿದ್ದವು.

ನೀಲಿ.

ಆಕಾಶದ ತುಂಡು ಕತ್ತರಿಸಿ ಹಾಕಿದ ಹಾಗಿತ್ತು. ನಾನಿಲ್ಲದಾಗ ಅವರೇ ಒಗೆದುಕೊಂಡಿದ್ದರೂ ಹೋಗದಷ್ಟು ನೀಲಿ.

"ಏನ್ರೀ ಇದು?"

"ನಿನ್ನ ಕೈಗುಣ."

"ಎಷ್ಟು ದಿನದಿಂದ?"

"ಆಯ್ತು, ಎರಡು ವರ್ಷದ ಮೇಲೆ. ರುದ್ರಪ್ಪನ ಅಂಗಡೀಲಿ ನೀಲಿ ಪುಡಿ ಖಾಲಿ ಮಾಡಿದ್ದು ನೀನೇ."

"ಇದನ್ನುಟ್ಕೊಂಡು ಮದುವೆ ಮನೆಗೆಲ್ಲ ಹೋದ್ರಾ? ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

ಅವರು ಪಂಚೆ ಮಡಿಸುತ್ತಾ ನಿಂತರು.

"ಹೇಳಿದ್ರೆ ಕುಂಚ ಕೆಳಗಿಡ್ತಿದ್ದೆ ನೀನು. ಕಣ್ಣಿನ ಡಾಕ್ಟರ ಹತ್ರ ಹೋಗು ಅನ್ನೋಕೂ ಭಯ ಆಯ್ತು. ಆಗೋದಿಲ್ಲ ಅಂದ್ಬಿಟ್ರೆ?"

ಇಂಥಾ ದಡ್ಡತನಕ್ಕೆ ಏನು ಹೇಳುವುದು? ಮೊದಲೇ ಹೇಳಿದ್ದರೆ ಮೊದಲೇ ಕಣ್ಣು ಬರುತ್ತಿತ್ತು. ಬೈಬೇಕು ಅಂತ ಬಾಯಿ ತೆರೆದೆ. ಕನ್ನಡಕದಲ್ಲಿ ಅವರ ಮುಖ ಮೊದಲ ಸಲ ಸರಿಯಾಗಿ ಕಂಡಿತು. ನಾನು ಅಂದುಕೊಂಡಿದ್ದಕ್ಕಿಂತ ಮುದುಕರಾಗಿದ್ದರು. ಬೈಯುವುದು ಬಿಟ್ಟು, ಊಟಕ್ಕೇನಿದೆ ಅಂತ ಕೇಳಿದೆ.

ಎಡಗಣ್ಣಿನ ಆಪರೇಷನ್ ಇನ್ನೂ ಮಾಡಿಸಿಲ್ಲ. ಮಾಡಿಸಬೇಕು. ಒಂದು ಕಣ್ಣು ಕೊಟ್ಟರಲ್ಲ, ಅಷ್ಟು ಸಾಕು ಈಗ.

ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಳಗ್ಗೆ ಎದ್ದು, ನೀಲಿ ಬಿಡಲಿ ಅಂತ ಅವರ ಪಂಚೆಗಳನ್ನು ಬಟ್ಟೆ ಸೋಡಾ ನೀರಲ್ಲಿ ನೆನೆಹಾಕಿದೆ. ಆಮೇಲೆ ಕಿಟಕಿ ಹತ್ತಿರ ಕೂತು ರುದ್ರಪ್ಪನ ತಾಯಿಯ ಹೊಸ ಪ್ರಿಂಟ್ ಮುಂದಿಟ್ಟುಕೊಂಡೆ. ಎಡಗಣ್ಣು ಮುಚ್ಚಿದೆ. ವಿಭೂತಿಯನ್ನು ಮುಟ್ಟಲಿಲ್ಲ, ಕಾಗದದ ಬಿಳಿಯನ್ನೇ ಬಿಟ್ಟೆ. ಕೆನ್ನೆಗೆ ತೆಳ್ಳಗೆ ಬಣ್ಣ ಒತ್ತಿದೆ.

"ರೀ, ಬಂದು ನೋಡಿ," ಅಂತ ಕೂಗಿದೆ. "ನೀಲಿ ಕಂಡ್ರೆ ಈಗ್ಲಾದ್ರೂ ಬಾಯಿ ಬಿಡಿ."