ಎಮ್ಮೆ ತಿಳಿಸಿದ ‘ತರ್ಕಾತೀತ’

ತಾಂಬಾದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹೆಂಡತಿಯ ಸೀರೆ ಸುತ್ತಿಕೊಂಡು ಎಮ್ಮೆ ಹಿಂಡುತ್ತಿದ್ದೆ. ಅಷ್ಟರಲ್ಲಿ ಹಾಲಿಗೆಂದು ನಮ್ಮ ಶಾಲೆಯ ಹೆಡ್‌ಮಾಸ್ತರರೇ ಬಂದುಬಿಟ್ಟರು.

“ಏನ್ರಿ ಮಾಸ್ತರ, ಇದೇನ್ ಅವತಾರ?”

ಹೆಂಡತಿ ತವರಿಗೆ ಹೋದಾಗಿನಿಂದ ಎಮ್ಮೆ ನನಗೆ ಒಂದು ಹನಿ ಹಾಲೂ ಕೊಟ್ಟಿರಲಿಲ್ಲ. “ನನ್ನ ಸೀರಿ ಉಟ್ಕೊಂಡು ಕುಂದರ್ರಿ, ಕೊಡ್ತೈತಿ” ಎಂದು ಅವಳು ಫೋನಿನಲ್ಲಿ ಹೇಳಿದಾಗ ನಕ್ಕಿದ್ದೆ. ಉಟ್ಟು ಕೂತರೆ ನಿಜಕ್ಕೂ ಕೊಟ್ಟಿತು! ಬುದ್ಧಿಗೆ ನಿಲುಕದೆ ಅನುಭವಕ್ಕಷ್ಟೇ ದಕ್ಕುವ ಸತ್ಯ ‘ತರ್ಕಾತೀತ’ ಎಂದು ಪಾಠ ಹೇಳುವ ಕನ್ನಡ ಮಾಸ್ತರ ನಾನು. ಉದಾಹರಣೆ ಕೊಡುವಾಗ ದೇವರಿಗಿಂತ ಕೆಳಗೆ ಇಳಿದವನೇ ಅಲ್ಲ.

“ತರ್ಕಾತೀತರಿ ಸರ” ಎಂದೆ, ಸೆರಗು ಸರಿಮಾಡಿಕೊಳ್ಳುತ್ತ.

ಈಗ ತರಗತಿಯಲ್ಲಿ ಆ ಪದ ಬಂದರೆ ಮಕ್ಕಳು ಯಾರೂ ಅರ್ಥ ಕೇಳುವುದಿಲ್ಲ. ಸೀರೆಯ ಬಣ್ಣ ಕೇಳುತ್ತಾರೆ.