ಎರಡು ಕರೆ, ಒಂದು ಪಟ್ಟಿ, ಆಫ್ರಿಯೆಯ ಬೀಗ

ಘಾನಾದ ಕುಮಾಸಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಆಂಬುಲೆನ್ಸ್ ಕಚೇರಿಯ ಹಿಂದಿನ ಕೋಣೆಯಲ್ಲಿ ಆಫ್ರಿಯೆ ಕೊಕೊ ಗಂಜಿಯನ್ನು ಪಕ್ಕಕ್ಕೆ ತಳ್ಳಿ, ಕಂಪ್ಯೂಟರ್ ಮುಂದೆ ಹಣೆ ಚಚ್ಚಿಕೊಳ್ಳುತ್ತಿದ್ದಾರೆ. "ಅಯ್ಯೋ ದೇವರೇ! ಒಫೋಸು, ಇದೇನೋ ಮಾಡಿಟ್ಟಿದ್ದೀಯ?"

ಜೊತೆಗೆ ಕೆಲಸ ಮಾಡುವ ಒಫೋಸು ಆಕಳಿಸುತ್ತಾನೆ. "ಕಂಪೈಲರ್ ಬಿಡ್ತಾನೇ ಇರ್ಲಿಲ್ಲಕ್ಕಾ. ಒಂದು ಸಾಲು ಬರೆದು ಬಾಯಿ ಮುಚ್ಚಿಸ್ದೆ."

ಗ್ರಹಚಾರವೆಲ್ಲ ಆ ಸಾಲಿನಲ್ಲೇ ಇದೆ. ಎಂಟು ಗಂಟೆಗೆ ಇವರ ಹೊಸ ಪ್ರೋಗ್ರಾಂ ಶುರುವಾಗಬೇಕು. ಬರೆದಿರುವುದು ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಬಂದ ಪ್ರತಿ ಕರೆಗೂ ಒಂದು ಥ್ರೆಡ್, ಅಂದರೆ ಬೇರೆಯೇ ಒಬ್ಬ ಆಳು. ಆ ಆಳಿಗೆ ಒಪ್ಪಿಸುವ ಕೆಲಸವೇ ಕ್ಲೋಷರ್. ಬೇಕಾದ ಸಾಮಾನನ್ನು ಬುತ್ತಿಯಂತೆ ಕಟ್ಟಿಕೊಂಡೇ ಹೊರಡುತ್ತದೆ. ಒಫೋಸು ಮಹಾಶಯ ಎಲ್ಲರ ಬುತ್ತಿಗೂ ಖಾಲಿ ಗಾಡಿಗಳ ಒಂದೇ ಪಟ್ಟಿಯನ್ನು ಬೀಗವಿಲ್ಲದೆ ಕಟ್ಟಿದ್ದಾನೆ. ಪ್ರೋಗ್ರಾಂ ಓಡುವ ಮೊದಲೇ ತಪಾಸಣೆ ಮಾಡುವ ಕಂಪೈಲರ್ ತಡೆದರೆ, 'ಅಪಾಯವಿಲ್ಲ, ನಾನು ಜವಾಬ್ದಾರ' ಎಂದು ಬರೆದುಕೊಟ್ಟಿದ್ದಾನೆ! ಅದೂ ನಂಬಿಬಿಟ್ಟಿದೆ, ಪಾಪ.

ಬೇರೆ ಭಾಷೆಯಲ್ಲಿದ್ದ ಹಳೆಯ ಪ್ರೋಗ್ರಾಮಿಗೆ ಇಂಥ ತಡೆಯೇ ಇರಲಿಲ್ಲ. ಕಳೆದ ಈಸ್ಟರ್‌ನಲ್ಲಿ ಎರಡು ಕರೆ ಒಟ್ಟಿಗೆ ಬಂದವು, ಎರಡಕ್ಕೂ ಅದು ಒಂದೇ ಗಾಡಿ ಕೊಟ್ಟಿತು. ಹೆರಿಗೆ ನೋವಿನ ಹೆಂಗಸು ರಸ್ತೆ ಬದಿಯಲ್ಲಿ ಕಾದಳು. ಕೂಸು ಉಳಿಯಲಿಲ್ಲ. "ಗಾಡಿ ಬರ್ತಿದೆಯಮ್ಮಾ ಅಂತ ಫೋನಲ್ಲಿ ಹೇಳ್ತಿದ್ದವಳು ನಾನೇ," ಎನ್ನುತ್ತಾರೆ ಆಫ್ರಿಯೆ.

"ಎರಡು ಕರೆ ಒಂದೇ ಗಳಿಗೇಲಿ ಬರೋದು ಅಪರೂಪ ಅಲ್ವಾ? ನಾನು ನೋಡ್ಕೋತೀನಿ ಬಿಡಕ್ಕಾ," ಎಂದು ಒಫೋಸು ಅನ್ನುವುದೇ ತಡ, ಆಫ್ರಿಯೆ ತಮ್ಮ ಸೊಟ್ಟ ಬೆರಳನ್ನು ಅವನ ಮೂಗಿನ ಮುಂದೆ ಹಿಡಿಯುತ್ತಾರೆ.

"ಫುಫು ಕುಟ್ಟುವಾಗ ಒರಳಲ್ಲಿ ಮುದ್ದೆ ತಿರುಗಿಸ್ತಿದ್ದೆ. ಒನಕೆ ಹಿಡಿದಿದ್ದ ನಮ್ಮಣ್ಣನೂ ಹೀಗೇ ಅಂದಿದ್ದ, ನಾನು ನೋಡ್ಕೋತೀನಿ ಅಂತ. ನೋಡ್ಕೊಂಡಿದ್ದು ಇದೇ! ಕೈ ಒಳಗಿದ್ದಾಗ ಒನಕೆ ಮೇಲೇ ಇರ್ಬೇಕು ಕಣೋ."

ಆ ಸಾಲು ಅಳಿಸಿ, ಪಟ್ಟಿಗೆ ಬೀಗ ಹಾಕುತ್ತಾರೆ. ಒಂದು ಥ್ರೆಡ್ ಖಾಲಿ ಗಾಡಿ ಹುಡುಕಿ ಗುರುತು ಹಾಕುವ ತನಕ ಇನ್ನೊಂದು ಕಾಯಲೇಬೇಕು. ಕಂಪೈಲರ್ ಮತ್ತೆ ಮತ್ತೆ ತಗಾದೆ ತೆಗೆಯುತ್ತದೆ, ಇವರೂ ಬೈಯುತ್ತಲೇ ತಿದ್ದುತ್ತಾರೆ. ಚಾಲಕರಿಗೆ ನಾವು ಸನ್ಮಾನ ಮಾಡುತ್ತೇವೆ. ಈಕೆಯನ್ನು ಕೇಳುವವರೇ ಇಲ್ಲ, ಸಿಟ್ಟು ಬರುತ್ತದೆ ನನಗೆ.

ಎಂಟು ಹೊಡೆದು ಸ್ವಲ್ಪ ಹೊತ್ತಿಗೆ ಎರಡು ಫೋನುಗಳು ಒಟ್ಟಿಗೇ ಬಡಿದುಕೊಳ್ಳುತ್ತವೆ. ಅಂಗಳದಿಂದ ಎರಡು ಗಾಡಿಗಳು ಹೊರಡುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಒಫೋಸು ಕಿಟಕಿಯಿಂದ ತಲೆ ಒಳಗೆಳೆದುಕೊಂಡು ನಗುತ್ತಾನೆ. "ಏನೂ ಆಗ್ಲಿಲ್ವಲ್ಲಕ್ಕಾ!"

"ಏನೂ ಆಗ್ಬಾರ್ದು ಅಂತಲೇ ಬೆಳಗಿಂದ ಬಾಯಿ ಬಡ್ಕೋತಿರೋದು," ಎನ್ನುತ್ತಾ ಆಫ್ರಿಯೆ ತಣ್ಣಗಾದ ಗಂಜಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.